ಎಣ್ಣೆ ಒರೆಸಿ ನೋಡಿ: ಹಳೆ ಜೋಡುನಳಿಗೆ ಬಂದೂಕು ಕೊಳ್ಳುವವರಿಗೆ

ಕಳೆದ ವಾರ ಖಾನಾಪುರ ಕಡೆಯ ಒಬ್ಬ ಕಬ್ಬಿನ ರೈತ ಬೆಳಗಾವಿ ಕ್ಯಾಂಪ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದ. ಲೈಸೆನ್ಸ್ ಕೈಗೆ ಬಂದಿದೆ, ಮೊಬೈಲಿನಲ್ಲಿ ಒಂದು ಜೋಡುನಳಿಗೆ ಬಂದೂಕಿನ ಫೋಟೋ ಇದೆ. "ಕಾಕಾ, ಹೆಂಗ ಮಿಂಚಾಕತ್ತೈತಿ ನೋಡ್ರಿ, ತಗೊಳ್ಳಲೇನು?" ಎಂದ. "ಫೋಟೋ ನೋಡಿ ಎತ್ತು ತರ್ತೀಯೇನು?" ಎಂದೆ. ನಕ್ಕ. ಮರುದಿನ ಇಬ್ಬರೂ ಅಂಗಡಿಗೆ ಹೋದೆವು. ನಾನು ಸೈನ್ಯದಲ್ಲಿ 22 ವರ್ಷ ಆರ್ಮರರ್ ಆಗಿದ್ದವನು. ಬಂದೂಕು ಬಿಚ್ಚುವುದು, ಜೋಡಿಸುವುದು, ಇದೇ ನನ್ನ ಕೆಲಸ. ಅವತ್ತು ಅವನಿಗೆ ತೋರಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದದ ಮಾತು ಬೇಗ ಮುಗಿಸುತ್ತೇನೆ. ಮೊದಲು ಲೈಸೆನ್ಸ್, ಆಮೇಲೆ ಬಂದೂಕು. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ 21 ವರ್ಷ ತುಂಬಿರಬೇಕು. 2019ರ ತಿದ್ದುಪಡಿ ಬಂದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಜಾಸ್ತಿ ಬಂದೂಕು ಇರುವ ಹಾಗಿಲ್ಲ, ಮೊದಲು ಮೂರಿತ್ತು. ಲೈಸೆನ್ಸಿನ ಅವಧಿ ಐದು ವರ್ಷ. ಬಂದೂಕಿನ ಮೇಲೆ ಕೊರೆದ ನಂಬರೂ ಲೈಸೆನ್ಸಿನಲ್ಲಿ ಬರೆದ ನಂಬರೂ ಅಕ್ಷರ ಬಿಡದೆ ಒಂದೇ ಇರಬೇಕು. ಇನ್ನೊಂದು ಮಾತು. ಲೈಸೆನ್ಸ್ ಇದೆ ಅಂತ ಹೊಲಕ್ಕೆ ಬರುವ ಕಾಡುಹಂದಿ ಹೊಡೆಯುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇರೆಯೇ ಬೇಕು.

ಇನ್ನು ಅಂಗಡಿಯೊಳಗೆ ಬನ್ನಿ. ಬಂದೂಕು ಕೈಗೆ ಬಂದ ಕೂಡಲೇ ಬಾಯಿ ನೆಲದ ಕಡೆ. ಮಡಚಿ ತೆರೆದು ಎರಡೂ ಕೋಣೆಗಳನ್ನು, ಅಂದರೆ ಕಾಡತೂಸು ಕೂರುವ ಜಾಗಗಳನ್ನು, ಕಣ್ಣಿಂದ ನೋಡಿ, ಕಿರುಬೆರಳು ಹಾಕಿಯೂ ನೋಡಿ. ಖಾಲಿ ಅಂತ ಅಂಗಡಿಯವರು ಎಷ್ಟೇ ಹೇಳಲಿ, ನೀವೂ ನೋಡಲೇಬೇಕು.

ಜೇಬಿನಲ್ಲಿ ಒಂದು ಹಳೆ ಪಂಚೆಯ ತುಂಡು ಇಟ್ಟುಕೊಂಡು ಹೋಗಿ. ಮಾರುವವರು ಎಣ್ಣೆ ಬಳಿದು ಇಟ್ಟಿರುತ್ತಾರೆ. ಎಣ್ಣೆಯಡಿ ತುಕ್ಕಿನ ತೂತು ಕಾಣುವುದಿಲ್ಲ. ಒಳಗೂ ಹೊರಗೂ ಒರೆಸಿಸಿ, ಆಮೇಲೆ ನೋಡಿ. ನಳಿಗೆ ಬೇರೆ ಮಾಡಿ ಕಿಟಕಿಯ ಕಡೆ ಹಿಡಿಯಿರಿ. ಕಿಟಕಿಯ ಅಡ್ಡಪಟ್ಟಿಯ ನೆರಳು ನಳಿಗೆಯೊಳಗೆ ಉದ್ದಕ್ಕೆ ಗೆರೆಯಾಗಿ ಬೀಳುತ್ತದೆ. ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಗೆರೆ ಎಲ್ಲಾದರೂ ಮುರಿದರೆ ಅಲ್ಲಿ ನಳಿಗೆ ತಗ್ಗಾಗಿದೆ. ಬಳೆಯಂತೆ ಸುತ್ತಲೂ ಕಪ್ಪು ನೆರಳು ಕಂಡರೆ ಆ ಜಾಗ ಉಬ್ಬಿದೆ. ಬಾಯಲ್ಲಿ ಮಣ್ಣೋ ಬಟ್ಟೆಯೋ ಸಿಕ್ಕಿದ್ದಾಗ ಯಾರೋ ಹಾರಿಸಿರುತ್ತಾರೆ. ತಗ್ಗನ್ನು ಒಳ್ಳೆ ಮಿಸ್ತ್ರಿ ಎತ್ತಬಲ್ಲ. ಉಬ್ಬಿದ ನಳಿಗೆ ಪುಕ್ಕಟೆ ಕೊಟ್ಟರೂ ಬೇಡ.

ಈಗ ನಳಿಗೆಯನ್ನು ಅದರ ಕೊಕ್ಕೆಯಲ್ಲಿ ಒಂದು ಬೆರಳಿಗೆ ತೂಗಿಸಿ ಪೆನ್ಸಿಲಿನಿಂದ ತಟ್ಟಿ. ಟಣ್ ಎಂದು ಗಂಟೆಯಂತೆ ಉಲಿದರೆ ಎರಡು ನಳಿಗೆ ಕೂಡಿಸಿದ ಬೆಸುಗೆ ಗಟ್ಟಿ ಇದೆ. ಒಡೆದ ಮಡಕೆಯ ಸದ್ದು ಬಂದರೆ ಬೆಸುಗೆ ಬಿಟ್ಟಿದೆ. ಆ ರೈತ ಅಂದು ಇದೊಂದನ್ನೇ ಹತ್ತು ಸಲ ಮಾಡಿ ನೋಡಿದ!

ಮತ್ತೆ ಜೋಡಿಸಿ. ಆದರೆ ನಳಿಗೆಯ ಕೆಳಗೆ ಕೈ ಹಿಡಿಯುವ ಮರದ ತುಂಡನ್ನು ಹಾಕಬೇಡಿ. ಅದು ಕೂತರೆ ಒಳಗಿನ ಸಡಿಲ ಮುಚ್ಚಿಹೋಗುತ್ತದೆ. ಬಟ್, ಅಂದರೆ ಹೆಗಲಿಗೆ ಒತ್ತುವ ಮರದ ಭಾಗ, ಹಿಡಿದು ಮೆಲ್ಲಗೆ ಅಲುಗಾಡಿಸಿ. ಕಟಕಟ ಅಂದರೆ ಕೀಲು ಸವೆದಿದೆ. ಬೆಳಕಿಗೆ ಹಿಡಿದಾಗ ನಳಿಗೆಯ ಹಿಂಭಾಗಕ್ಕೂ ಅದು ಒರಗುವ ಗೋಡೆಗೂ ನಡುವೆ ಬೆಳಕು ಕಾಣಬಾರದು. ಆಮೇಲೆ ಸೇಫ್ಟಿ ಹಾಕಿ ಟ್ರಿಗರ್ ಎಳೆಯಿರಿ, ಏನೂ ಆಗಬಾರದು. ಸೇಫ್ಟಿ ತೆಗೆದು ಬಟ್‌ಗೆ ಅಂಗೈಯಿಂದ ಗುದ್ದಿ, ಆಗಲೂ ಒಳಗಿನ ಸುತ್ತಿಗೆ ಬೀಳಬಾರದು. ಟ್ರಿಗರ್ ಬಿಡಿಸಿ ನೋಡುವುದಾದರೆ ಡಮ್ಮಿ ಕಾಡತೂಸು ಕೇಳಿ, ಸುಮ್ನೆ ಖಾಲಿ ಹೊಡೆದರೆ ಪಿನ್ ಮುರಿಯಬಹುದು. ಬಟ್ ತೆಳ್ಳಗಾಗುವ ಕಡೆ, ಅಂದರೆ ಕೈ ಹಿಡಿಯುವಲ್ಲಿ, ಮೇಣ ತುಂಬಿದ ಬಿರುಕಿದೆಯಾ ನೋಡಿ.

ಕೊನೆಯದು ಎಲ್ಲಕ್ಕಿಂತ ದೊಡ್ಡದು, ಕೋಣೆಯ ಉದ್ದ. 12 ಬೋರ್ ಎಂದರೆ ಒಂದು ಪೌಂಡ್ ಸೀಸವನ್ನು ಹನ್ನೆರಡು ಸಮ ಗುಂಡು ಮಾಡಿದರೆ ಒಂದೊಂದು ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು, ಸುಮಾರು 18.5 ಮಿಲಿಮೀಟರ್. ಅದು ಎಲ್ಲರಿಗೂ ಗೊತ್ತು. ಆದರೆ ಹಳೆ ವಿಲಾಯತಿ ಬಂದೂಕುಗಳಲ್ಲಿ ಕೋಣೆ 65 ಮಿಲಿಮೀಟರ್, ಈಗಿನವುಗಳಲ್ಲಿ 70. 70ರ ಕಾಡತೂಸು 65ರ ಕೋಣೆಯೊಳಗೆ ಸಲೀಸಾಗಿ ಕೂರುತ್ತದೆ, ಮೋಸ ಇರುವುದೇ ಅಲ್ಲಿ. ಹಾರಿದಾಗ ಅದರ ಮಡಚಿದ ಬಾಯಿ ಬಿಚ್ಚಲು ಜಾಗವಿರದೆ ಒತ್ತಡ ಏರುತ್ತದೆ. ನಳಿಗೆಯ ಅಡಿ ಕೊರೆದ ಗುರುತು ಓದಿ. ಗುರುತು ಅಳಿಸಿದ್ದರೆ ಅಳೆಸಿ.

ಹಳೆಯದಕ್ಕೆ ಸರಿ, ಹೊಸದಕ್ಕೂ ಇಷ್ಟೆಲ್ಲ ಯಾಕೆ ಅಂತೀರಾ? ಮಗಳ ಮನೆಗೆ ಅಂತ ಟೆಕ್ಸಾಸ್‌ಗೆ ಹೋದಾಗ ಅಲ್ಲಿಯ ಒಂದು ದೊಡ್ಡ ಮಳಿಗೆಯಲ್ಲಿ ಮೀನಿನ ಗಾಳದ ಪಕ್ಕದಲ್ಲೇ ಬಂದೂಕಿನ ಕಪಾಟು ನೋಡಿದೆ. ಅರ್ಧ ಖಾಲಿ. ಕೌಂಟರಿನ ಹುಡುಗ ಅಂದು ಬಣ್ಣದ ಡಬ್ಬಿ ಮಾರುವ ಕಡೆಯಿಂದ ಬಂದವನಂತೆ. ಅವನು ಕೊಟ್ಟ ಹೊಚ್ಚ ಹೊಸ ಶಾಟ್‌ಗನ್‌ನಲ್ಲಿ ಆಗಲೇ ತುಕ್ಕಿನ ಚುಕ್ಕೆ!

ಅಗ್ಗದ ಮಾಲಿನ ಕಥೆಯೇ ಹೀಗೆ. ಅಮೆರಿಕದ ರೆಮಿಂಗ್ಟನ್ ಕಂಪನಿಯ 870 ಶಾಟ್‌ಗನ್ 1950ರದು, ನುಣ್ಣಗೆ ಉಜ್ಜಿದ ಉಕ್ಕು, ಅಕ್ರೋಟ್ ಮರದ ಬಟ್. 1987ರಲ್ಲಿ ಅದರ ಅಗ್ಗದ ತಮ್ಮ ಎಕ್ಸ್‌ಪ್ರೆಸ್ ಬಂತು, ಮಂಕು ಕಪ್ಪು ಬಣ್ಣ, ಸಾದಾ ಮರ. ಮಂಕು ಬಣ್ಣ ಕೆಟ್ಟದ್ದೇನಲ್ಲ. ಆದರೆ ಬೆಲೆ ಇಳಿಸಬೇಕೆಂದರೆ ಮೊದಲು ಉಜ್ಜುವ ಕೆಲಸ ಹೋಗುತ್ತದೆ. ಉಜ್ಜದ ಉಕ್ಕು ತೇವ ಹಿಡಿಯುತ್ತದೆ. ಖಾನಾಪುರದ ಮಳೆಯಲ್ಲಂತೂ ಕೇಳಲೇಬೇಡಿ. ಹಾಗಾಗಿ ಹೊಸದಾದರೂ ಪಂಚೆಯ ತುಂಡು ಜೇಬಿನಲ್ಲಿರಲಿ.

ಅಂದಹಾಗೆ ಆ ಫೋಟೋದ ಬಂದೂಕು ಪೆನ್ಸಿಲಿನ ಪರೀಕ್ಷೆಯಲ್ಲೇ ಬಿತ್ತು. ಎರಡನೇ ಅಂಗಡಿಯಲ್ಲಿ ಬಣ್ಣಗೆಟ್ಟ, ಬಟ್ ಗೀಚಿದ ಒಂದನ್ನು ಅವನು ತೆಗೆದುಕೊಂಡ. ಒಳಗೆ ಕನ್ನಡಿಯಂತಿತ್ತು. ಚುನಾವಣೆ ಬಂತೆಂದರೆ ಅದನ್ನು ಠಾಣೆಯಲ್ಲಿ ಜಮಾ ಮಾಡಬೇಕಾಗಬಹುದು. ಕೊಡುವ ಮುಂಚೆ ಒಳಗೆ ಎಣ್ಣೆ ಬಳಿ, ರಸೀದಿಯಲ್ಲಿ ನಂಬರ್ ನೋಡು, ವಾಪಸ್ ತಂದ ದಿನವೇ ಒರೆಸಿ ಕಿಟಕಿಗೆ ಹಿಡಿ ಎಂದು ಹೇಳಿ ಕಳಿಸಿದ್ದೇನೆ.