ಓಆರ್‌ಎಸ್ ಪೊಟ್ಟಣ ಮತ್ತು ಪಡಿತರದ ಸಾಲು: ನನ್ನ ಅನುಭವ

2011ರ ಜನಗಣತಿಯ ಪ್ರಕಾರ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ಹೆಂಗಸರಲ್ಲಿ ಶೇ. 41ರ ಆಸುಪಾಸು. ಈ ಅಂಕಿಯನ್ನು ವರದಿಯ ಮೊದಲ ಪುಟದಲ್ಲಿ ಬರೆದು, ಎರಡನೆಯ ಪುಟದಲ್ಲಿ ಕರಪತ್ರಕ್ಕೆ ಹಣ ಕೇಳುವವರೇ ಆರೋಗ್ಯ ಪ್ರಚಾರದ ಕೆಲಸದ ನಾವೆಲ್ಲ. ನಾನೂ ಕೇಳಿದ್ದೆ. ಓಆರ್‌ಎಸ್ ಎಂಬ, ಭೇದಿಯಾದ ಕೂಸಿಗೆ ನೀರಲ್ಲಿ ಕಲಸಿ ಕುಡಿಸುವ ಪುಡಿಯ ಪ್ರಚಾರಕ್ಕೆಂದು 4,000 ಬಣ್ಣದ ಕರಪತ್ರಗಳಿಗೆ ಸುಮಾರು 11,000 ರೂಪಾಯಿ ಸುರಿದೆ. ತಿಂಗಳೊಳಗೆ ಸುರಪುರದ ಸಂತೆಯಲ್ಲಿ ಅದರಲ್ಲೇ ಮಿರ್ಚಿ ಭಜಿ ಕಟ್ಟಿಸಿಕೊಂಡು ತಿಂದವನೂ ನಾನೇ.

ಓದು ಬಾರದಿದ್ದರೇನು, ಚಿತ್ರ ಸಾಕಲ್ಲ ಎಂದುಕೊಂಡು ಮೂರು ಚಿತ್ರಗಳ ಪಟ ಬರೆಸಿದೆವು: ಬಸವಳಿದ ಕೂಸು, ಲೋಟ ಹಿಡಿದ ತಾಯಿ, ನಗುವ ಕೂಸು. ಎಡದಿಂದ ಬಲಕ್ಕೆ ನೋಡುವುದು ಅಕ್ಷರ ಕಲಿತವರ ಅಭ್ಯಾಸವೆಂಬುದು ನಮಗಾರಿಗೂ ಹೊಳೆದಿರಲಿಲ್ಲ. ಒಬ್ಬ ತಾಯಿ ಬಲತುದಿಯಲ್ಲಿ ಬೆರಳಿಟ್ಟು, “ಗುಂಡಗಿದ್ದ ಕೂಸು ಈ ನೀರು ಕುಡದು ಹಿಂಗ ಆಗ್ಯಾದೇನ್ರಿ?” ಎಂದು ಕೇಳಿದಾಗ ನನ್ನ ಬಾಯಿ ಕಟ್ಟಿತು. ವಾಟ್ಸ್‌ಆ್ಯಪ್ ಕೂಡ ಆಗುವ ಮಾತಲ್ಲ. ಸ್ಮಾರ್ಟ್‌ಫೋನು ಗಂಡನ ಕಿಸೆಯಲ್ಲಿ, ಗಂಡ ಬೆಂಗಳೂರಿನ ಕಟ್ಟಡದ ಕೆಲಸದಲ್ಲಿ.

ಕೊನೆಗೆ ಆರಿಸಿಕೊಂಡದ್ದು ಪಡಿತರ ಅಂಗಡಿಯ ಸಾಲನ್ನು. ಹೆಬ್ಬೆಟ್ಟು ಒತ್ತಿ, ಸರ್ವರ್ ಬರುವವರೆಗೆ ಕಾಯುವ ಹೆಂಗಸರಿಗೆ ಕಿವಿ ಬಿಡುವಾಗಿರುತ್ತದೆ. ಅಲ್ಲಿ ಮಾತು ಕೇಳಿಸಲೆಂದು ತಲಾ 900 ರೂಪಾಯಿಯ 12 ಸ್ಪೀಕರುಗಳನ್ನು ತಂದಾಗ, ಇದು ಗಣಪತಿ ಪೆಂಡಾಲಿನ ಸಾಮಾನು ಎಂದು ಮೇಲಿನವರು ನಕ್ಕರು. ಲೆಕ್ಕ ಹಾಕಿದರೆ ಕರಪತ್ರದಷ್ಟೇ ಖರ್ಚು.

ಮೊದಲ ಧ್ವನಿಮುದ್ರಣವನ್ನು ಸ್ಟುಡಿಯೋದಲ್ಲಿ ಮಾಡಿಸಿ ಮತ್ತೆ ಕೆಟ್ಟೆ. ‘ಅತಿಸಾರ’, ‘ದ್ರಾವಣ’ ಎಂಬ ಮಾತು ಕೇಳಿ ಜನ ಅದನ್ನು ಜಾಹೀರಾತೆಂದುಕೊಂಡರು. ಎರಡನೆಯ ಸಲ ಊರಿನ ಸೂಲಗಿತ್ತಿಯೊಬ್ಬರು “ಕೂಸಿಗಿ ಜುಲಾಬ್ ಹತ್ತಿದ್ರ” ಎಂದು ಶುರುಮಾಡಿ, ಒಂದೂವರೆ ನಿಮಿಷದಲ್ಲಿ ಎಲ್ಲವನ್ನೂ ಹೇಳಿ ಮುಗಿಸಿದರು. ಒಂದು ಲೀಟರ್ ಎಂಬ ಮಾತನ್ನು ಕೈಬಿಟ್ಟು, ಅಷ್ಟೇ ಹಿಡಿಯುವ, ಅಂಗಡಿಯಲ್ಲಿ ಸಿಗುವ ನೀರಿನ ಬಾಟಲಿ ತುಂಬ ನೀರಿಗೆ ಇಡೀ ಪೊಟ್ಟಣ, ಮರುದಿನಕ್ಕೆ ಉಳಿದರೆ ಚೆಲ್ಲಬೇಕು ಎಂದರು. ಮೈಕಿನ ಮುಂದೆ ಅವರು ಬಿಗಿಯದಂತೆ ನೋಡಿಕೊಂಡ ಬಗೆಯನ್ನು ಇಲ್ಲಿ ಹೇಳಲಾರೆ; ಅದು ನನ್ನ ಕಸುಬಿನ ಗುಟ್ಟು.

ಕರಪತ್ರದ ಕಾಲದಲ್ಲಿ, ಬಾಯಲ್ಲಿ ಹೇಳಬೇಡಿ, ಕಲಸಿ ತೋರಿಸಿ ಎಂದು 30 ಮನೆಗಳಲ್ಲಿ ಕೇಳಿದಾಗ ಸರಿಯಾಗಿ ಕಲಸಿದವರು ನಾಲ್ಕೋ ಐದೋ ಮನೆಯವರು. ಉಳಿದವರು ಲೋಟಕ್ಕೆ ಒಂದು ಚಿಟಿಕೆ ಹಾಕುತ್ತಿದ್ದರು. ಮೂರು ತಿಂಗಳ ಪಡಿತರದ ನಂತರ ಅಷ್ಟೇ ಮನೆಗಳಲ್ಲಿ 22ರಷ್ಟು ಮಂದಿ ಬಾಟಲಿಯನ್ನೇ ಹುಡುಕಿ ತಂದರು. ತಾಲ್ಲೂಕಿನಲ್ಲಿ ಈ ಕೆಲಸ ಮೊದಲು ಮಾಡಿದವನು ನಾನೆಂದು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ನಡುವೆ ಮಿಸ್ಡ್ ಕಾಲ್ ಕೊಟ್ಟರೆ ಅದೇ ಧ್ವನಿ ತಿರುಗಿ ಕರೆ ಮಾಡುವ ಏರ್ಪಾಡನ್ನೂ ಮಾಡಿ ನೋಡಿದೆ. ಸುಮಾರು 6,000 ರೂಪಾಯಿ ಕರಗಿತು. ಕರೆ ಮಾಡಿದವರಲ್ಲಿ ಹೆಚ್ಚಿನವರು ದುಡಿಯಲು ಹೋದ ಗಂಡಸರು. ಅವರಿಗೆ ಬೇಕಿದ್ದದ್ದು ಊರಿನ ದನಿ, ಓಆರ್‌ಎಸ್ ಅಲ್ಲ.

ಬೇಸಿಗೆಗೆ ಮೂರು ಸ್ಪೀಕರುಗಳು ಕೆಟ್ಟವು. ಒಬ್ಬ ಅಂಗಡಿಯವರು ಸ್ಪೀಕರಿನ ನಮ್ಮ ಮೆಮೊರಿ ಕಾರ್ಡಿಗೆ ತತ್ವಪದಗಳನ್ನು ತುಂಬಿಸಿಕೊಂಡಿದ್ದರು. ಬೈಯಲೆಂದು ಹೋದವನು, ಪದಗಳ ನಡುವೆ ನಮ್ಮ ಸೂಲಗಿತ್ತಿಯ ಮಾತು ಬಂದಾಗ ಸಾಲು ಗಪ್ಪಾದದ್ದನ್ನು ಕಂಡು ಸುಮ್ಮನೆ ವಾಪಸಾದೆ. ಈಗ ಉಳಿದ ಕಾರ್ಡುಗಳಿಗೂ ತತ್ವಪದ ತುಂಬಿಸುತ್ತಿದ್ದೇನೆ.