ಬಿಸಿ ಪ್ಲಾಸ್ಮಾದ ರೋಹಿತ ಮತ್ತು ಅಪಾರದರ್ಶಕತೆಯನ್ನು ಸಂಖ್ಯಾಶಾಸ್ತ್ರದ ನೆರವಿನಿಂದ ಲೆಕ್ಕ ಹಾಕುವ ವಿಧಾನ

ಪ್ಲಾಸ್ಮಾ ಎಂದರೆ ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡು ಅಯಾನುಗಳಾಗಿರುವ ಅನಿಲ. ಅದು ಯಾವ ಶಕ್ತಿಯ ಬೆಳಕನ್ನು ಎಷ್ಟು ತಡೆಯುತ್ತದೆ ಎಂಬುದೇ ಅಪಾರದರ್ಶಕತೆ, ಅಯಾನುಗಳು ನಿರ್ದಿಷ್ಟ ಶಕ್ತಿಗಳಲ್ಲಿ ಬೆಳಕನ್ನು ಹೀರುವುದರಿಂದ ಮೂಡುವುದೇ ರೋಹಿತ ರೇಖೆಗಳು. ಏಳು ಎಲೆಕ್ಟ್ರಾನ್‌ಗಳನ್ನು ಕಳೆದುಕೊಂಡ ಕಬ್ಬಿಣದ ಅಯಾನಿನಲ್ಲಿ 19 ಎಲೆಕ್ಟ್ರಾನ್‌ಗಳು ಉಳಿದಿರುತ್ತವೆ. ಒಳಗಿನ ಎರಡು ಕವಚಗಳನ್ನು 10 ಎಲೆಕ್ಟ್ರಾನ್‌ಗಳು ತುಂಬಿದರೆ, ಉಳಿದ 9 ಎಲೆಕ್ಟ್ರಾನ್‌ಗಳು 3ಎಸ್, 3ಪಿ ಮತ್ತು 3ಡಿ ಉಪಕವಚಗಳ 18 ಸ್ಥಾನಗಳಲ್ಲಿ ಹಂಚಿಹೋಗಬಹುದು. ಇದಕ್ಕೆ 21 ಎಲೆಕ್ಟ್ರಾನ್ ವಿನ್ಯಾಸಗಳೂ (ಯಾವ ಉಪಕವಚದಲ್ಲಿ ಎಷ್ಟು ಎಲೆಕ್ಟ್ರಾನ್ ಎಂಬ ಹಂಚಿಕೆಗಳು) 48,620 ಕ್ವಾಂಟಂ ಸ್ಥಿತಿಗಳೂ (ಯಾವ ಯಾವ ಸ್ಥಾನ ತುಂಬಿದೆ ಎಂಬ ಆಯ್ಕೆಗಳು) ಇವೆ. ನಾಲ್ಕನೆಯ ಕವಚಕ್ಕೆ ಏರಿದ ಎಲೆಕ್ಟ್ರಾನ್‌ಗಳನ್ನೂ ನೆರೆಯ ಅಯಾನುಗಳನ್ನೂ ಸೇರಿಸಿದರೆ ರೋಹಿತ ರೇಖೆಗಳ ಸಂಖ್ಯೆ ಬಹುಬೇಗ ಕೈಮೀರುತ್ತದೆ. ಆದ್ದರಿಂದ ಪ್ರತಿಯೊಂದು ರೇಖೆಯನ್ನೂ ಬೆನ್ನಟ್ಟದೆ, ರೇಖೆಗಳ ಗುಂಪಿನ ಸರಾಸರಿ ಮತ್ತು ಹರವನ್ನು ಕಂಡುಹಿಡಿಯುವುದು ಈ ವಿಧಾನದ ತಿರುಳು.

ಸ್ಥಳೀಯ ಉಷ್ಣ ಸಮತೋಲವಿದೆಯೆಂದು, ಅಂದರೆ ಆಯಾ ಜಾಗದ ತಾಪಮಾನ ಮತ್ತು ಸಾಂದ್ರತೆಯೇ ಅಲ್ಲಿನ ಅಯಾನುಗಳ ಸ್ಥಿತಿಯನ್ನು ನಿರ್ಧರಿಸುತ್ತವೆಯೆಂದು ಭಾವಿಸಿ, ತಾಪಮಾನ ಮತ್ತು ಸಾಂದ್ರತೆಯನ್ನು ಮೊದಲು ನಿಗದಿಪಡಿಸಿಕೊಳ್ಳಬೇಕು. ತಾಪಮಾನವನ್ನು ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ಬರೆದುಕೊಂಡರೆ ಅನುಕೂಲ. ಒಂದು ಎಲೆಕ್ಟ್ರಾನ್ ವೋಲ್ಟ್ ಸುಮಾರು 11,600 ಕೆಲ್ವಿನ್‌ಗೆ ಸಮ. ಆ ಸ್ಥಿತಿಯಲ್ಲಿರುವ ಒಂದು ಸರಾಸರಿ ಪರಮಾಣುವಿನ ವಿಭವವನ್ನು ಸ್ವಸಂಗತವಾಗಿ, ಅಂದರೆ ವಿಭವವೂ ಎಲೆಕ್ಟ್ರಾನ್‌ಗಳ ಹಂಚಿಕೆಯೂ ಒಂದಕ್ಕೊಂದು ಹೊಂದುವವರೆಗೆ ಬಿಡಿಸಿದಾಗ ಉಪಕವಚಗಳ ಶಕ್ತಿಮಟ್ಟಗಳೂ, ಅವು ಎಷ್ಟು ತುಂಬಿರುತ್ತವೆ ಎಂಬುದನ್ನು ಗೊತ್ತುಮಾಡುವ ಎಲೆಕ್ಟ್ರಾನ್‌ಗಳ ರಾಸಾಯನಿಕ ವಿಭವವೂ ದೊರೆಯುತ್ತವೆ.

ಮುಂದೆ, ಶಕ್ತಿಯಲ್ಲಿ ಹತ್ತಿರವಿರುವ ಉಪಕವಚಗಳನ್ನು ಒಂದು ಮಹಾಕವಚವಾಗಿ ಕೂಡಿಸಿ, ಅದರಲ್ಲಿರುವ ಒಟ್ಟು ಎಲೆಕ್ಟ್ರಾನ್‌ಗಳ ಸಂಖ್ಯೆಯನ್ನು ಮಾತ್ರ ಗೊತ್ತುಮಾಡಬೇಕು. ಮೇಲಿನ 21 ವಿನ್ಯಾಸಗಳು ಹೀಗೆ ಒಂದೇ ಮಹಾವಿನ್ಯಾಸವಾಗುತ್ತವೆ. ಅದರ ಪಾರ್ಟಿಷನ್ ಫಂಕ್ಷನ್ನನ್ನು, ಅಂದರೆ ಎಲ್ಲ ಸ್ಥಿತಿಗಳ ಬೋಲ್ಟ್ಸ್‌ಮನ್ ಗುಣಕಗಳ (ಶಕ್ತಿ ಮತ್ತು ತಾಪಮಾನಕ್ಕೆ ತಕ್ಕ ತೂಕಗಳ) ಮೊತ್ತವನ್ನು, ಕಡಿಮೆ ಎಲೆಕ್ಟ್ರಾನ್‌ಗಳ ಬೆಲೆಗಳಿಂದ ಹೆಚ್ಚಿನದಕ್ಕೆ ಸಾಗುವ ಪುನರಾವರ್ತನ ಸೂತ್ರದಿಂದ ಪಡೆಯಬಹುದು. ಆದರೆ ಈ ಸೂತ್ರದ ಹಳೆಯ ರೂಪದಲ್ಲಿ ಧನ ಮತ್ತು ಋಣ ಪದಗಳು ಒಂದಾದ ಮೇಲೊಂದು ಬರುವುದರಿಂದ, ತಾಪಮಾನ ಕಡಿಮೆಯಾದಾಗ ಅವು ಪರಸ್ಪರ ಕಳೆದುಹೋಗಿ ಉತ್ತರದ ಅಂಕಿಗಳ ನಿಖರತೆ ಅಳಿಯುತ್ತದೆ. ಒಂದೊಂದೇ ಉಪಕವಚವನ್ನು ಸೇರಿಸುತ್ತ, ಧನ ಪದಗಳನ್ನಷ್ಟೇ ಕೂಡಿಸುವ ರೂಪ ಹೆಚ್ಚು ವಿಶ್ವಾಸಾರ್ಹ. ಎಲ್ಲ ಬೋಲ್ಟ್ಸ್‌ಮನ್ ಗುಣಕಗಳನ್ನು ಒಂದು ಎಂದು ಇಟ್ಟು ಪ್ರೋಗ್ರಾಂ ನಡೆಸಿದಾಗ, 9 ಎಲೆಕ್ಟ್ರಾನ್‌ಗಳಿಗೆ 48,620 ಎಂಬ ಉತ್ತರವೇ ಬರಬೇಕು. ಬರದಿದ್ದರೆ ಮುಂದಿನ ಹಂತಕ್ಕೆ ಹೋಗಬಾರದು.

ಎರಡು ವಿನ್ಯಾಸಗಳ ನಡುವಿನ ಎಲ್ಲ ರೇಖೆಗಳನ್ನು ಒಂದು ಗುಂಪಾಗಿ ಕಂಡು, ರೇಖೆಗಳ ಬಲವನ್ನು ತೂಕವಾಗಿಟ್ಟುಕೊಂಡು ಸರಾಸರಿ ಶಕ್ತಿಯನ್ನೂ ಮಾನಕ ವಿಚಲನೆಯನ್ನೂ ಲೆಕ್ಕ ಹಾಕಿದರೆ, ಆ ಗುಂಪನ್ನು ಗಂಟೆಯಾಕಾರದ ಒಂದು ಗಾಸಿಯನ್ ವಕ್ರರೇಖೆಯಿಂದ ಚಿತ್ರಿಸಬಹುದು. ಈ ಎರಡು ಬೆಲೆಗಳಿಗೆ ಸಿದ್ಧಸೂತ್ರಗಳಿರುವುದರಿಂದ ಒಂದೊಂದು ರೇಖೆಯನ್ನು ಕಾಣುವ ಅಗತ್ಯವೇ ಬೀಳುವುದಿಲ್ಲ ಎಂಬುದು ನಿಜಕ್ಕೂ ಸೊಗಸಾದ ಸಂಗತಿ. ಬೋಷ್-ಆರ್ನೂ, ಬೋಷ್ ಮತ್ತು ಕ್ಲಾಪಿಷ್ ಅವರು 1979ರಿಂದ ಈ ಮಾರ್ಗವನ್ನು ಬೆಳೆಸಿದರು. 1989ರಲ್ಲಿ ಬಾರ್-ಶಾಲೋಮ್ ಮತ್ತು ಸಂಗಡಿಗರು ಅದನ್ನು ಮಹಾವಿನ್ಯಾಸಗಳಿಗೆ ವಿಸ್ತರಿಸಿದರು. ಭಾರವಾದ ಧಾತುಗಳಲ್ಲಿ ಸ್ಪಿನ್-ಕಕ್ಷೆ ಅಂತರಕ್ರಿಯೆ (ಎಲೆಕ್ಟ್ರಾನಿನ ಸ್ಪಿನ್ನಿಗೂ ಅದರ ಕಕ್ಷೀಯ ಚಲನೆಗೂ ಇರುವ ನಂಟು) ಒಂದು ಗುಂಪನ್ನು ಸೀಳುವುದರಿಂದ, ಅಲ್ಲಿ ಪ್ರತಿ ಹೋಳಿಗೂ ಬೇರೆ ಗಾಸಿಯನ್ ಬೇಕು.

ರೇಖೆಗಳ ಜೊತೆಗೆ ಅಯಾನೀಕರಣದ ಹೀರುವಿಕೆಯನ್ನೂ ಮುಕ್ತ ಎಲೆಕ್ಟ್ರಾನ್‌ಗಳ ಹೀರುವಿಕೆಯನ್ನೂ ಕೂಡಿಸಿ, ಪ್ರಚೋದಿತ ಉತ್ಸರ್ಜನೆಯ (ಹಾದುಹೋಗುವ ಬೆಳಕೇ ಅಯಾನಿನಿಂದ ಅಂಥದೇ ಬೆಳಕನ್ನು ಹೊರಡಿಸುವುದರ) ತಿದ್ದುಪಡಿಯನ್ನು ಅವುಗಳಿಗೆ ಅನ್ವಯಿಸಿದ ನಂತರ ಚದುರುವಿಕೆಯನ್ನು ಸೇರಿಸಬೇಕು.

ಅತ್ಯಂತ ಎಚ್ಚರ ಬೇಕಾಗುವುದು ರೊಸೆಲ್ಯಾಂಡ್ ಸರಾಸರಿಯನ್ನು, ಅಂದರೆ ಎಲ್ಲ ಆವರ್ತನಗಳ ಅಪಾರದರ್ಶಕತೆಯನ್ನು ಒಂದೇ ಸಂಖ್ಯೆಯಲ್ಲಿ ಹೇಳುವ ಸರಾಸರಿಯನ್ನು ತೆಗೆಯುವಾಗ. ಅದು ಹರಾತ್ಮಕ ಸರಾಸರಿಯಾದ್ದರಿಂದ, ಅಂದರೆ ಬೆಲೆಗಳ ವಿಲೋಮಗಳ ಸರಾಸರಿಯನ್ನು ಮತ್ತೆ ವಿಲೋಮ ಮಾಡಿ ಪಡೆಯುವುದಾದ್ದರಿಂದ, ವಿಕಿರಣವು ನುಸುಳಿ ಹೋಗುವ ರೇಖೆಗಳ ನಡುವಿನ ಕಿಂಡಿಗಳೇ ಉತ್ತರವನ್ನು ನಿರ್ಧರಿಸುತ್ತವೆ. ಸಮಾನ ತೂಕವಿರುವ ಆವರ್ತನ ಪಟ್ಟಿಯ ಅರ್ಧದಲ್ಲಿ ಅಪಾರದರ್ಶಕತೆ 1000, ಉಳಿದರ್ಧದಲ್ಲಿ 1 ಎಂದಿರಲಿ. ಹರಾತ್ಮಕ ಸರಾಸರಿ ಸುಮಾರು 2 ಆಗುತ್ತದೆ. ಅಷ್ಟೇ ಬಲವನ್ನು ಇಡೀ ಪಟ್ಟಿಗೆ ಸಮನಾಗಿ ಹರಡಿದರೆ ಅದು 500 ದಾಟುತ್ತದೆ, ಸಾಮಾನ್ಯ ಸರಾಸರಿ ಮಾತ್ರ ಕದಲುವುದಿಲ್ಲ. ನುಣುಪಾದ ಗಾಸಿಯನ್ ಮಾಡುವ ಅಪಾಯವೂ ಇದೇ: ಅದು ಕಿಂಡಿಗಳನ್ನು ಮುಚ್ಚಿಬಿಡುತ್ತದೆ. ಒಂಟಿ ರೇಖೆಗಳ ಅಗಲ ಅವುಗಳ ನಡುವಿನ ಅಂತರಕ್ಕಿಂತ ಹೆಚ್ಚಾಗಿರುವಲ್ಲಿ ಗುಂಪನ್ನು ನಂಬಬಹುದು. ಕಡಿಮೆಯಿರುವಲ್ಲಿ, ಅದರಲ್ಲೂ ಈ ಸರಾಸರಿಯ ತೂಕ ಗರಿಷ್ಠವಾಗುವ, ಫೋಟಾನ್ ಶಕ್ತಿಯು ಉಷ್ಣಶಕ್ತಿಯ ಸುಮಾರು 3.8 ಪಟ್ಟಾಗಿರುವ ಪ್ರದೇಶದಲ್ಲಿ, ಆ ಗುಂಪುಗಳ ರೇಖೆಗಳನ್ನು ಒಂದೊಂದಾಗಿ ಲೆಕ್ಕ ಹಾಕಿ ಉಳಿದವನ್ನಷ್ಟೇ ಸಂಖ್ಯಾಶಾಸ್ತ್ರಕ್ಕೆ ಬಿಡುವ ಮಿಶ್ರ ಮಾರ್ಗವನ್ನು ಹಿಡಿಯಬೇಕು.

ಹೀಗೆ ಪಡೆದ ಉತ್ತರವೂ ಅಂತಿಮವಲ್ಲ. ಅಮೆರಿಕದ ಸಾಂಡಿಯಾ ಪ್ರಯೋಗಾಲಯದಲ್ಲಿ, ಭಾರಿ ವಿದ್ಯುತ್ ಪ್ರವಾಹದಿಂದ ತೀವ್ರ ಎಕ್ಸ್-ಕಿರಣ ಹೊಮ್ಮಿಸುವ ಝಡ್ ಯಂತ್ರದಲ್ಲಿ 19ರಿಂದ 23 ಲಕ್ಷ ಕೆಲ್ವಿನ್ ತಾಪಮಾನದ ಕಬ್ಬಿಣದ ಅಪಾರದರ್ಶಕತೆಯನ್ನು ಅಳೆದು 2015ರಲ್ಲಿ ಪ್ರಕಟಿಸಿದ ಫಲಿತಾಂಶವು, ಬೇರೆ ಬೇರೆ ತರಂಗಾಂತರಗಳಲ್ಲಿ ಲೆಕ್ಕಾಚಾರಗಳಿಗಿಂತ ಶೇಕಡಾ 30ರಿಂದ 400ರಷ್ಟು ಹೆಚ್ಚಿತ್ತು. ಸಂಖ್ಯೆಗಳ ಸ್ಥಿರತೆಯನ್ನಾದರೂ ನಾವೇ ಖಚಿತಪಡಿಸಿಕೊಳ್ಳಬೇಕು: ಮಹಾಕವಚಗಳನ್ನು ಇನ್ನಷ್ಟು ಚಿಕ್ಕದಾಗಿ ಒಡೆದು ಮತ್ತೆ ಲೆಕ್ಕ ಹಾಕಿ, ರೇಖೆಗಳ ಒಟ್ಟು ಬಲ ಬದಲಾಗದೆ ಉಳಿದಿದೆಯೇ ಎಂದು ನೋಡಿ, ರೊಸೆಲ್ಯಾಂಡ್ ಸರಾಸರಿ ಒಂದು ಬೆಲೆಯಲ್ಲಿ ನೆಲೆ ನಿಲ್ಲುವವರೆಗೆ ಒಡೆಯುವಿಕೆಯನ್ನು ಮುಂದುವರಿಸಬೇಕು.