ಹಸುಗಳ ಸೂಲು ಎಣಿಸಿ ಅಜ್ಜಿಯ ಇಸವಿ ಹಿಡಿದೆ

ಅಜ್ಜಿಯ ಬದುಕಿನ ಪುಸ್ತಕ ಕೊನೆಗೂ ಅಚ್ಚಾಗಿ ಮನೆಗೆ ಬಂತು. ನೂರಿಪ್ಪತ್ತು ಪುಟದ ಆಸುಪಾಸು. "ಓದು ಬರಹ ಬಾರದ ಮುದುಕಿ, ತುಮಕೂರು ಕಡೆಯ ಹೊಲದಲ್ಲೇ ತೊಂಬತ್ತು ವರ್ಷ ಸವೆಸಿದವಳು, ಇಸವಿ ಎಲ್ಲಿಂದ ತರ್ತೀಯ?" ಅಂದವರೇ ಜಾಸ್ತಿ. ಇತಿಹಾಸ ಪಾಠ ಮಾಡುವ ಗೆಳೆಯನೊಬ್ಬ "ಕಥೆ ಅಂತ ಬರೆದುಬಿಡು, ಇಸವಿ ಗೋಜಿಗೆ ಹೋಗಬೇಡ" ಅಂದಿದ್ದ. ಈಗ ಪುಸ್ತಕದಲ್ಲಿ ಅರವತ್ತಕ್ಕೂ ಹೆಚ್ಚು ಇಸವಿಗಳಿವೆ. ಅವನೇ ಎರಡು ಪ್ರತಿ ಕೇಳಿ ಇಸ್ಕೊಂಡು ಹೋದ.

ಹಿರಿಯರ ಮಾತು ರೆಕಾರ್ಡ್ ಮಾಡುವವರಿಗೆ ಮೊದಲ ತಿಂಗಳ ಪಾಡು ಗೊತ್ತೇ ಇರುತ್ತೆ. ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ರೆಕಾರ್ಡರ್ ತಂದೆ. "ಅಜ್ಜಿ, ನಿನ್ನ ಬಾಲ್ಯ ಹೇಗಿತ್ತು?" ಅಂದರೆ "ಏನೈತೆ ಮಗ, ದುಡುದ್ವಿ, ಉಂಡ್ವಿ" ಅನ್ನೋಳು. ಅಲ್ಲಿಗೆ ಮುಗೀತು. ಮದುವೆ ಬಗ್ಗೆ ಕೇಳಿದರೂ ಅದೇ, ಬರಗಾಲದ ಬಗ್ಗೆ ಕೇಳಿದರೂ ಅದೇ. ಫೋನಿನ ವಾಯ್ಸ್ ಟೈಪಿಂಗಿಗೆ ಕೊಟ್ಟರೆ ಅವಳ ಮಾತು ಒಂದು ಸಾಲೂ ನೆಟ್ಟಗೆ ಬರಲಿಲ್ಲ. ಡಿಟಿಪಿ ಅಂಗಡಿಗೆ ಪುಟಕ್ಕೆ ಮೂವತ್ತರಂತೆ ಕೊಟ್ಟೆ. ನುಡಿ ತಂತ್ರಾಂಶದಲ್ಲಿ ಹೊಡೆದು ಯೂನಿಕೋಡಿಗೆ ತಿರುಗಿಸುವಾಗ ಒತ್ತಕ್ಷರ ಎಲ್ಲಾ ಎಗರಿಹೋಗಿದ್ದವು. ಆ ಎರಡು ಸಾವಿರ ನೀರಿಗೆ ಹಾಕಿದ ಹಾಗೆ.

ದಾರಿ ಸಿಕ್ಕಿದ್ದು ನನ್ನ ಪಿಯುಸಿ ಫೀಸಿನ ಮಾತು ಬಂದಾಗ. "ಗೌರಿ ಮೂರನೇ ಸೂಲಿನ ಹೋರಿಗರ ಮಾರಿ ಕಟ್ಟಿದ್ದು" ಅಂದಳು. ಗೌರಿ ನಮ್ಮ ಹಸು, ಸೂಲು ಅಂದರೆ ಹಸು ಕರು ಹಾಕುವ ಸರದಿ. ನನ್ನ ಪಿಯುಸಿ 1996. ಕರುವಿಗೆ ಎರಡು ಸಾವಿರದ ಹತ್ತಿರ ಬಂದಿತ್ತಂತೆ. ಸರಿ, ಗೌರಿ ಯಾರ ಕರು? ಮಲ್ಲಿಯದು. ಮಲ್ಲಿ? ಕೆಂದಿಯದು. ಕೆಂದಿಯ ತಾಯಿ ಬೋರಿ, ಬೋರಿಯ ತಾಯಿ ಕೌಲಿ. ಕೌಲಿ ಅಜ್ಜಿಯ ಜೊತೆ ತವರಿಂದ ಬಂದ ಕಡಸು, ಅಂದರೆ ಇನ್ನೂ ಕರು ಹಾಕದ ಎಳೆ ಹಸು. ಒಂದೇ ಉಸಿರಲ್ಲಿ ಹೇಳಿದಳು. ತನ್ನ ವಯಸ್ಸು ಕೇಳಿದರೆ ತಡವರಿಸುವ ಅಜ್ಜಿ, ಯಾವ ಹಸು ಎಷ್ಟನೇ ಸೂಲಲ್ಲಿ ಕಂದು ಹಾಕಿತು (ಗರ್ಭ ಕಳಕೊಂಡಿತು) ಅನ್ನೋದನ್ನ ಒಮ್ಮೆಯೂ ತಡವರಿಸದೆ ಹೇಳೋಳು.

ಆಮೇಲೆ ಅವಳ ಬದುಕಿನ ಬಗ್ಗೆ ಕೇಳೋದನ್ನೇ ಬಿಟ್ಟೆ. ಬರೀ ಹಸು. ಹಳ್ಳಿಕಾರ್ ತಳಿಯ ಕಡಸು ಮೊದಲ ಸಲ ಈಯೋದು ಹೆಚ್ಚುಕಡಿಮೆ ನಾಲ್ಕು ವರ್ಷಕ್ಕೆ, ಆಮೇಲೆ ಸೂಲಿಗೂ ಸೂಲಿಗೂ ಒಂದೂವರೆ ವರ್ಷ ಅಂತ ಹಿಡಿದೆ. ಗೊಡ್ಡು ಬಿದ್ದ ವರ್ಷ ಕೇಳಿ ಸೇರಿಸಿದೆ. ಸೀಮೆಹಸುಗೆ ಈ ಲೆಕ್ಕ ನಡೆಯಲ್ಲ, ಅವು ಎರಡೂವರೆ ವರ್ಷಕ್ಕೇ ಈಯ್ತವೆ. ಡೈರಿ ಬಂದ ಮೇಲಿನ ಕಾಲಕ್ಕೆ ಬೇರೆ ಪಟ್ಟಿ ಮಾಡಬೇಕು. ಒಂದೊಂದು ತಲೆಮಾರಿಗೂ ಒಂದು ವರ್ಷ ಆಚೀಚೆ ಆಗುತ್ತೆ. ಆದ್ದರಿಂದ ನಡುನಡುವೆ ಗಟ್ಟಿ ಗೂಟ ಬೇಕೇ ಬೇಕು.

ಅಂಥ ಗೂಟ ಸಿಕ್ಕಿದ್ದು ಗ್ರಹಣದಿಂದ. ಮಲ್ಲಿಯ ಮೊದಲ ಸೂಲು ದೊಡ್ಡ ಗ್ರಹಣದ ದಿನವೇ. ಊರೆಲ್ಲಾ ಬಾಗಿಲು ಹಾಕಿಕೊಂಡು ಕೂತಿತ್ತಂತೆ. ಕರುವಿನ ಕಾಲು ಅಡ್ಡ ಬಂದಿತ್ತು. ಅತ್ತೆ ಬೇಡ ಅಂದರೂ ಕೇಳದೆ ಇವಳೊಬ್ಬಳೇ ಕೊಟ್ಟಿಗೆಗೆ ಹೋಗಿ ಎಳೆದಳು. ಅದು 1980ರ ಫೆಬ್ರವರಿ 16, ಮಧ್ಯಾಹ್ನ. ಸೂರ್ಯ ಪೂರ್ತಿ ಮುಚ್ಚಿದ್ದು ಕಾರವಾರ, ಹುಬ್ಬಳ್ಳಿ, ರಾಯಚೂರಿನ ಕಡೆ. ನಮ್ಮ ಕಡೆ ಪೂರ್ತಿ ಮುಚ್ಚಲಿಲ್ಲ, ಆದರೆ ಹೆದರಿಕೆ ಮಾತ್ರ ಪೂರ್ತಿ ಇತ್ತು. ಅಲ್ಲಿಂದ ಹಿಂದಕ್ಕೆ ಎಣಿಸಿದೆ. ಭೂ ನ್ಯಾಯಮಂಡಳಿಯಿಂದ ಗೇಣಿ ಹೊಲ ನಮ್ಮದಾದಾಗ ಕೆಂದಿ ಐದನೇ ಸೂಲಿನ ಗಬ್ಬ ಅಂದಿದ್ದಳು. ನನ್ನ ಲೆಕ್ಕಕ್ಕೆ ಅದು 1977-78ಕ್ಕೆ ಬಂತು. ಟ್ರಂಕಿನ ತಳದಲ್ಲಿ ಗೇಣಿ ಹೊಲಕ್ಕೆ ಹಾಕಿದ ಅರ್ಜಿ, ಫಾರಂ 7ರ ಜೊತೆ ಆದೇಶದ ಕಾಗದ ಸಿಕ್ಕಿತು. 1978! ಆವತ್ತು ರಾತ್ರಿ ಗೆಳೆಯನಿಗೆ ಫೋಟೋ ಕಳಿಸಿದೆ, ಏನೂ ಬರೆಯಲಿಲ್ಲ, ಬರೀ ಫೋಟೋ.

ತಿಂಗಳು ಗೊತ್ತುಮಾಡಲು ಮಳೆ ನಕ್ಷತ್ರ ಹಿಡಿದೆ. ದೊಡ್ಡಪ್ಪ ಹುಟ್ಟಿದ್ದು ಕೌಲಿಯ ಎರಡನೇ ಸೂಲಲ್ಲಿ, ಉತ್ತರೆ ಮಳೆಯಲ್ಲಿ. ಅಂದರೆ 1953ರ ಸೆಪ್ಟೆಂಬರಿನ ಎರಡನೇ ಅರ್ಧ. ಸ್ಕೂಲಿನ ದಾಖಲೆಯಲ್ಲಿ 1951ರ ಜೂನ್ 1 ಅಂತಿದೆ. ಮೇಷ್ಟ್ರು ಸೇರಿಸಿಕೊಳ್ಳುವ ಅನುಕೂಲಕ್ಕೆ ಬರೆದದ್ದು, ಆ ಕಾಲದವರಲ್ಲಿ ಅರ್ಧ ಊರು ಜೂನಲ್ಲೇ ಹುಟ್ಟಿರುತ್ತೆ ಅಲ್ವಾ. ಎರಡು ವರ್ಷ ಮೊದಲೇ ರಿಟೈರ್ ಆದೆನಲ್ಲ ಅಂತ ದೊಡ್ಡಪ್ಪ ಇವತ್ತಿಗೂ ಮುಖ ಗಂಟು ಹಾಕ್ತಾರೆ. ಅಚ್ಚಿನ ಖರ್ಚಿಗೆ ಅವರು ಕಾಸು ಬಿಚ್ಚಲಿಲ್ಲ.

ನಡುವೆ ಬೆಲೆಗಳ ಮೇಲೂ ಒಂದು ಪ್ರಯೋಗ ಮಾಡಿದೆ. ನಯಾಪೈಸೆ ಬಂದದ್ದು 1957ರ ಏಪ್ರಿಲಲ್ಲಿ. ಆಣೆಯಲ್ಲಿ ಹೇಳಿದ್ದೆಲ್ಲಾ ಅದಕ್ಕೂ ಹಿಂದಿನದು ಅಂದುಕೊಂಡರೆ ಕೆಟ್ಟಿರಿ. ನಾಕಾಣೆ, ಎಂಟಾಣೆ ಅನ್ನೋದು 90ರ ದಶಕದವರೆಗೂ ಬಾಯಲ್ಲಿತ್ತು. ಏಳಾಣೆ, ಹದಿಮೂರಾಣೆ ಅಂಥ ಬೆಸ ಆಣೆ ಬಂದರೆ ಮಾತ್ರ ನಂಬಬಹುದು. ಇಂಡಾಫ್ ಅನ್ನೋ ಹೊಸ ತಳಿಯ ರಾಗಿ ಬಂದ ವರ್ಷ ಹಿಡಿಯೋಣ ಅಂತಲೂ ಹೋದೆ. ಒಂದೊಂದು ಊರಿಗೆ ಒಂದೊಂದು ವರ್ಷ ಬಂದಿದೆ, ಕೈಬಿಟ್ಟೆ. ಸಂವತ್ಸರ ಸಿಕ್ಕರೆ ಬಂಗಾರ, ಆದರೆ ಅವಳಿಗೆ ನೆನಪಿದ್ದದ್ದು ಒಂದೇ: ವಿರೋಧಿ. ಮದುವೆ ಸಂವತ್ಸರದ ಹೆಸರೇ ಸರಿಯಿಲ್ಲ ಅಂತ ಮಾವ ಗೊಣಗಿದ್ದರಂತೆ. 1949-50. ಕೌಲಿಯ ಲೆಕ್ಕವೂ ಅಲ್ಲಿಗೇ ಹೋಗಿ ನಿಂತಿತು.

ಹಸು ಹಿಡಿದು ಹೊರಟರೆ ಮೊಮ್ಮಕ್ಕಳ ಅಧ್ಯಾಯ ತಾನೇ ತುಂಬಿಕೊಳ್ಳುತ್ತೆ. ಯಾವ ಮೊಮ್ಮಗು ಯಾವ ಹಸುವಿನ ಹಾಲು ಕುಡಿಯಿತು, ಯಾರ ಫೀಸಿಗೆ, ಯಾರ ಬಾಣಂತನಕ್ಕೆ ಯಾವ ಕರು ಹೋಯಿತು, ಎಲ್ಲಾ ಗೊತ್ತು. ಹಸು ಈದಾಗೆಲ್ಲಾ ಗಿಣ್ಣು ಕಾಸಿ, ಡಬ್ಬಿಗೆ ಬಟ್ಟೆ ಕಟ್ಟಿ, ಬಸ್ಸಿನ ಕಂಡಕ್ಟರ್ ಕೈಲಿ ನನ್ನ ಹಾಸ್ಟೆಲಿಗೆ ಕಳಿಸೋಳು. ಮೊಮ್ಮಕ್ಕಳು ಹತ್ತಕ್ಕೂ ಮೇಲೆ, ಮಾರಿದ ಕರುಗಳು ಅದರ ಎರಡರಷ್ಟು. ತನಗೆ ಅಂತ ಮಾರಿದ್ದು ಒಂದೇ, ಕಣ್ಣಿನ ಪೊರೆ ತೆಗೆಸಲು. ಅದನ್ನೂ ಬೇಸರದಿಂದಲೇ ಹೇಳಿದಳು.

ತೀರಿಹೋದ ಮಕ್ಕಳ ಬಗ್ಗೆ ಬಾಯಿ ಬಿಡಿಸಿದ್ದು ಹೇಗೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಹೊಲದ ಪಾಲಿನ ಜಗಳದ ಪುಟಗಳನ್ನು ಮನೆಯವರ ಕೈಲಿ ಒಪ್ಪಿಸಿದ ಉಪಾಯವೂ ನನ್ನ ಹತ್ತಿರವೇ ಇರಲಿ.

ನೂರು ಪ್ರತಿಗೆ ಹದಿನೈದು ಸಾವಿರ ಮುಟ್ಟಿತು. ಹಳೆ ಫೋಟೋ ಸ್ಕ್ಯಾನಿಗೆ ಇನ್ನೊಂದೆರಡು ಸಾವಿರ. ಅರ್ಧ ದುಡ್ಡು ನೆಂಟರಿಂದ ವಾಪಸ್ ಬಂತು. ಅಜ್ಜಿಗೆ ಪೂರ್ತಿ ಓದಿ ಹೇಳಿದೆ. ಬೋರಿಯ ಬಣ್ಣ ತಪ್ಪು ಬರೆದಿದೀಯ ಅಂದಳು, ಅಷ್ಟೇ. ಮರುಮುದ್ರಣವಾದರೆ ತಿದ್ದಬೇಕು.

ಈಗ ಹೆಂಡತಿಯ ಅಜ್ಜಿಯ ಸರದಿ. ಅವರದು ಕುರಿ ಹಿಂಡು, ಹಸು ಕಟ್ಟಿದವರಲ್ಲ. ಕುರಿಗಳಿಗೆ ಒಂದೊಂದಕ್ಕೆ ಹೆಸರಿಲ್ಲ, ಸೂಲೂ ಬೇಗ ಬೇಗ. ನನ್ನ ಪಟ್ಟಿ ಅಲ್ಲಿ ನಡೆಯಲ್ಲ. ಅವರು ನೆಟ್ಟ ತೆಂಗಿನ ಮರಗಳಿಂದ ಶುರುಮಾಡಿದ್ದೇನೆ. ಯಾವ ಸಸಿ ಯಾವ ಮಗುವಿನ ಹೆಸರಲ್ಲಿ ನೆಟ್ಟದ್ದು ಅಂತ ಆಗಲೇ ಎಂಟು ಮರಕ್ಕೆ ಹೇಳಿದ್ದಾರೆ.